ಕೆಮ್ಮು ಅಡಗಿಸಿಟ್ಟವನ ಅಪೀಲು

ಇಲ್ಲ ಇಲ್ಲ, ಕದ್ದ ಅಕ್ಕಿ ಅಲ್ಲ ಮಕ್ಕಳೇ, ಸಂತೆಯಲ್ಲಿ ತೆಗೊಂಡದ್ದೇ. ಆದರೆ ಕೇರಳ ಬೇರೆ ರಾಜ್ಯ ಆಗಿ ಏಳೆಂಟು ವರ್ಷ ಆಗಿತ್ತು, ಪರ್ಮಿಟ್ ಇಲ್ಲದೆ ಅಕ್ಕಿ ಗಡಿ ದಾಟಿಸುವ ಹಾಗಿಲ್ಲ, ಅದೇ ತಪ್ಪು. ಆಲೆಟ್ಟಿಯ ಆಚೆ ಕಾಡುದಾರಿಯಲ್ಲಿ ನಾನು, ನನ್ನ ದೋಸ್ತಿ ಇಬ್ರಾಯಿ, ಇಬ್ಬರೂ ಸಿಕ್ಕಿಬಿದ್ದೆವು. ತಲೆ ಮೇಲೆ ಒಂದೊಂದು ಮೂಟೆ, ಒಂದೇ ತೂಕ. ಕೋರ್ಟಲ್ಲಿ ಕೇಳಿದರು, "ಶಿಕ್ಷೆಯ ಬಗ್ಗೆ ಹೇಳ್ಲಿಕ್ಕೆ ಎಂತಾದ್ರೂ ಉಂಟಾ?" ಇಬ್ರಾಯಿ ಅತ್ತೇಬಿಟ್ಟ, "ಸ್ವಾಮೀ, ನನ್ನ ಉಮ್ಮನಿಗೆ, ತಾಯಿಗೆ, ಕಣ್ಣು ಕಾಣುದಿಲ್ಲ!" ಅವನಿಗೆ ದಂಡ ಮಾತ್ರ. ನಾನು "ಎಂತ ಇಲ್ಲ" ಅಂದೆ. ಆರು ತಿಂಗಳು ಜೈಲು!

ಹೇಳ್ಲಿಕ್ಕೆ ಇತ್ತು. ಕ್ಷಯ ಇತ್ತು ನನಗೆ. ಕ್ಷಯ ಅಂದ್ರೆ ಟೀಬಿ, ಗೊತ್ತಲ್ಲ? ಅದು ಇರುವ ಮನೆಯಿಂದ ಆಗ ಯಾರೂ ಹೆಣ್ಣು ತರ್ತಿರಲಿಲ್ಲ. ನಿಮ್ಮಜ್ಜಿಗೆ, ಅಂದ್ರೆ ನನ್ನ ತಂಗಿಗೆ, ಆಲಂಕಾರಿನಲ್ಲಿ ಸಂಬಂಧ ನಿಶ್ಚಯ ಆಗಿತ್ತು. ಅಕ್ಕಿ ಕೇಸಿಗೆ ಗಂಡಿನ ಮನೆಯವರು ನಕ್ಕದ್ದಷ್ಟೇ, ಅರ್ಧ ಊರು ಮಾಡುದೇ ಅದು. ಕ್ಷಯಕ್ಕೆ ನಗ್ತಾರಾ?

ಜೈಲಲ್ಲಿ ಕಂಬಳಿ ಬಾಯಿಗೆ ತುರುಕಿ ಕೆಮ್ಮುದು. ಆದ್ರೂ ಗೊತ್ತಾಯ್ತು. ಒಬ್ಬೊಬ್ಬರೇ ಚಾಪೆ ಎಳಕೊಂಡು ಆಚೆ ಹೋದರು. ಅಷ್ಟು ಜನ ಇದ್ದ ಕೋಣೆಯಲ್ಲಿ ದಿನಗಟ್ಟಲೆ ನನ್ನತ್ರ ಒಂದು ಮಾತಿಲ್ಲ, ಬಟ್ಟಲನ್ನು ಸಹ ಕಾಲಲ್ಲಿ ನೂಕುದು.

ಮನೆಯವರು ಗೊತ್ತು ಮಾಡಿದ ಪುತ್ತೂರಿನ ವಕೀಲರು ಬಂದರು. "ಅಪೀಲು ಹಾಕುವ ಮಾರಾಯ್ರೆ. ಒಂದೇ ತಪ್ಪಿಗೆ ಅವನಿಗೆ ದಂಡ, ನಿಮಗೆ ಜೈಲು, ಅದು ಒಂದು. ನಿಮ್ಮ ಕಾಯಿಲೆ, ಅದು ಇನ್ನೊಂದು." ಅಪೀಲು ಅಂದ್ರೆ ಮೇಲಿನ ಕೋರ್ಟಿಗೆ ಕೇಳಿಕೊಳ್ಳುದು, ಆಯ್ತಾ?

"ಮೊದಲನೇದು ಮಾತ್ರ ಹೇಳಿ."

"ಅದೊಂದರಲ್ಲಿ ಆಗುದು ಕಷ್ಟ. ಜೈಲಿನ ಡಾಕ್ಟ್ರು ಬರೆದ ಕಾಗದ ಕೋರ್ಟಲ್ಲಿ ಓದ್ಲೇಬೇಕು."

ಬೇಡ ಅಂದೆ. ಮರುವಾರ, ವಕೀಲರಿಂದ ವಿಷಯ ಗೊತ್ತಾಗಿ, ತಂಗಿ ಬಂದು ಕಂಬಿಯಾಚೆ ನಿಂತಳು.

"ಅಣ್ಣಾ, ಓದಿಸು."

"ನಿನ್ನ ಮದುವೆ?"

"ನಿನ್ನ ಹೆಣ ಮನೆಗೆ ತಂದ ಮೇಲೆ ಚಪ್ಪರ ಹಾಕುದಾ? ಓದಿಸು."

ಓದಿದರು. ಇಬ್ಬರಿಗೆ ಎರಡು ನಮೂನೆ ಶಿಕ್ಷೆ ಯಾಕೆ ಅಂತ ಜಡ್ಜರೇ ಕೇಳಿದರಂತೆ. ನಾನಲ್ಲಿರಲಿಲ್ಲ, ವಕೀಲರು ಹೇಳಿದ್ದು. ಇದ್ದಷ್ಟು ದಿನವೇ ಸಾಕು ಅಂತ ಬಿಟ್ಟರು. ಆದರೆ ಸುದ್ದಿ ನನಗಿಂತ ಮೊದಲೇ ಆಲಂಕಾರಿಗೆ ತಲುಪಿತ್ತು. ಸಂಬಂಧ ಮುರಿಯಿತು. ಒಂದೂವರೆ ವರ್ಷ ಮನೆಯ ಹಿಂಬದಿಯ ಕೋಣೆಯಲ್ಲಿ ಸೂಜಿ, ಮಾತ್ರೆ, ನಾನು. ಹೊಸ್ತಿಲಿನವರೆಗೆ ಬರ್ತಿದ್ದದ್ದು ಅವಳೊಬ್ಬಳೇ.

ನಾಲ್ಕು ವರ್ಷ ಕಳೆದು ನಿಮ್ಮಜ್ಜ ಅರಂತೋಡಿನಿಂದ ಹೆಣ್ಣು ನೋಡ್ಲಿಕ್ಕೆ ಬಂದರು. ಬಂದವರು ಮೊದಲು ನನ್ನನ್ನೇ ಕೇಳಿದ್ದು, "ಭಾವಾ, ಎದೆ ಈಗ ಹೇಗುಂಟು?"

ಮೈಗೆ ಉಷಾರಿಲ್ಲದಿದ್ರೆ ಕೇಳಿದಾಗಲೇ ಹೇಳಿ ಮಕ್ಕಳೇ. ಆಯ್ತು, ಏಳಿ, ಗಂಜಿ ಆರ್ತದೆ.