ತಪ್ಪೆಲ್ಲ ಮೊಸರಿನದು

ರಾಮನಗರದ ಮಕ್ಕಳ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಬೀಗಿತ್ತಿಯರಿಬ್ಬರು ಕೂತಿದ್ದರು. ನಡುವೆ ಎರಡು ವರ್ಷದ ಮೊಮ್ಮಗ, ಉಸಿರೆಳೆದಾಗಲೆಲ್ಲ ಎದೆಯಲ್ಲಿ ಕುಯ್ಯೆನ್ನುವ ಸದ್ದು. ಹೆಣ್ಣು ಕೊಟ್ಟವಳು ಮಾತೆತ್ತಿದಳು.

"ಡಾಕ್ಟ್ರು ಕೇಳಿದ್ರೆ ಈ ಸಲನಾದ್ರೂ ನಿಜ ಹೇಳಿ."

"ಏನ್ ನಿಜ? ಬಸ್ರೀಗೆ ನಿಮ್ಮನೇಲಿ ಮೊಸರು ತಿನ್ಸಿದ್ರಿ. ಆ ಶೀತ ಮಗೀಗೆ ಬಂದೈತೆ."

"ನಮ್ಮನೆಗೆ ಬಂದಿದ್ದೇ ಏಳು ತಿಂಗ್ಳಿಗೆ. ಅಲ್ಲೀಗಂಟ ರೇಷ್ಮೆಗೂಡು ಬೇಯ್ಸೋ ಒಲೆ ಮುಂದೆ ಕೂರ್ಸಿದ್ರಲ್ಲ. ಸೌದೆನಾದ್ರೂ ಹಾಕಿದ್ರಾ? ಗಾರ್ಮೆಂಟ್ಸ್ ಚಿಂದಿ ಸುಟ್ರಿ."

"ಚಿಂದಿ ಅಗ್ಗ ಕಣವ್ವ. ನಾನೂ ಅದೇ ಒಲೆ ಮುಂದೆ ಕೂತು ಮೂರು ಹೆತ್ತಿವ್ನಿ."

"ನಿಮ್ ಕಾಲಕ್ಕೆ ಗಾರ್ಮೆಂಟ್ಸ್ ಎಲ್ಲಿತ್ತು? ಹುಣಸೆ ಸೌದೆ ಉರಿಸ್ತಿದ್ರಿ. ಬಸ್ರಿ ಅಂಥಾ ಹೊಗೆ ಕುಡುದ್ರೆ ಹೊಟ್ಟೇಲಿರೋ ಮಗೀನ ಶ್ವಾಸಕೋಶ ಸರಿಯಾಗಿ ಬೆಳೆಯಾಕಿಲ್ಲ ಅಂತ ಡಾಕ್ಟ್ರು ಹೋದ್ಸಲವೇ ಹೇಳುದ್ರು."

"ಡಾಕ್ಟ್ರು ಯಾವತ್ತು ಒಲೆ ಮುಂದೆ ಕೂತವ್ರೆ?"

"ಸರಿ ಬುಡಿ. ಈಗ ಆ ಒಲೆ ಮುಂದೆ ಯಾರವ್ರೆ?"

"ಕಿರೀ ಸೊಸೆ."

"ಅವ್ಳಿಗೂ ಐದು ತಿಂಗ್ಳಲ್ವಾ?"

ಒಳಗಿನಿಂದ ನರ್ಸ್ ಕರೆದಳು. ಗಂಡಿನ ತಾಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಎದ್ದಳು.

"ಹೂಂ. ಅದ್ಕೇ ಅವ್ಳಿಗೆ ಮೊಸರು ಬಂದ್ ಮಾಡಿವ್ನಿ."