ಕಲಬತ್ತಿನಲ್ಲಿ ಕುಟ್ಟಿದ ಗುಳಿಗೆ

ಅಧ್ಯಕ್ಷತೆ ವಹಿಸಿರುವ ಇಬ್ರಾಹಿಂಸಾಬರೇ, ಔಷಧ ಪರೀಕ್ಷೆಯ ಮೇಲ್ವಿಚಾರಕರಾದ ಚನ್ನಬಸಯ್ಯನವರೇ, ಮುಂದಿನ ಸಾಲಿನ ಹಿರಿಯರೇ, ಸಿಂದಗಿಯ ಸಭಿಕರೇ,

ಯಾರು ಗುಳಿಗೆ ಹೇಗೆ ತೆಗೆದುಕೊಂಡರೆಂದು ದಿನವೂ ಬರೆದಿಟ್ಟ ನನ್ನ ವಹಿ ಸುಳ್ಳು. ಏಳು ತಿಂಗಳು ಇದನ್ನು ಮುಚ್ಚಿಟ್ಟಿದ್ದೆ. ‘ಒಂದೂ ತಪ್ಪಿಲ್ಲದ ವಹಿ ಬರೆದ ಕಾರ್ಯಕರ್ತ ದಾವಲಮಲಿಕ’ ಎಂದು ಈಗ ತಾನೇ ಹೊದಿಸಿದ ಶಾಲನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದೇನೆ. ದಯವಿಟ್ಟು ಚಪ್ಪಾಳೆ ಬೇಡ.

ಚನ್ನಬಸಯ್ಯನವರು ಏನು ಹೇಳಿದರು? ಸೂಜಿಯ ಬದಲು ನುಂಗುವ ಇನ್ಸುಲಿನ್ ಗುಳಿಗೆ ಇಂಡಿಯಲ್ಲಿ ನಡೆಯಿತು, ಮುದ್ದೇಬಿಹಾಳದಲ್ಲಿ ನಡೆಯಿತು, ಬಸವನ ಬಾಗೇವಾಡಿಯಲ್ಲಿ ನಡೆಯಿತು, ನಮ್ಮ ಓಣಿಯವರ ಮೈಗೆ ಮಾತ್ರ ಒಗ್ಗಲಿಲ್ಲ, ಆದ್ದರಿಂದ ಇಲ್ಲಿ ಪರೀಕ್ಷೆ ನಿಲ್ಲಿಸುತ್ತೇವೆ ಎಂದರು. ಇಂಡಿಗೆ ಒಂದು ಮೈ, ಸಿಂದಗಿಗೆ ಒಂದು ಮೈ ಇರುತ್ತದೆಯೇ ಸ್ವಾಮಿ?

ಹುಚ್ಚವ್ವ ಆಯಿ ಇಲ್ಲೇ ಕುಳಿತಿದ್ದಾಳೆ. ಎಪ್ಪತ್ತೆರಡು ವರ್ಷ, ಬಾಯಲ್ಲಿ ಹಲ್ಲಿಲ್ಲ. ಹಲ್ಲಿಲ್ಲದವರು ಎಲೆ ಅಡಿಕೆಯನ್ನು ಸಣ್ಣ ಕಲಬತ್ತಿನಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಮೊದಲ ದಿನ ಗುಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಏ ಮಲಿಕ್ಯಾ, ಇಷ್ಟ ದಪ್ಪಂದು ಗಂಟಲದಾಗ ಸಿಕ್ಕರ ನಿಮ್ಮಪ್ಪ ಬಂದು ತಗಿತಾನೇನೋ?”

“ಇಡೀ ನುಂಗಬೇಕಂತ ಬೇ ಆಯಿ.”

“ಅಡಿಕೀನ ಕುಟ್ಟಿ ತಿಂತೇನಿ, ಇದನ್ನ ಇಡೀ ನುಂಗಂತಾನ ನೋಡ! ಕುಟ್ಟು.”

ಕುಟ್ಟಿದೆ. ಎಲೆ, ಅಡಿಕೆ, ಸುಣ್ಣ, ಗುಳಿಗೆ. ಆಮೇಲೆ ಓಣಿಯಲ್ಲಿ ಗುಳಿಗೆ ತೆಗೆದುಕೊಳ್ಳುತ್ತಿದ್ದ ಉಳಿದ ಹತ್ತು ಮಂದಿಯೂ ಹಾಗೇ ಕೇಳಿದರು. ವಹಿಯಲ್ಲಿ ‘ಇಡಿಯಾಗಿ ನುಂಗಿದ್ದಾರೆ’ ಎಂಬ ಚೌಕಕ್ಕೆ ಟಿಕ್ ಹಾಕಿದೆ. ಹೇಗೆ ತಿಂದರೂ ಹೋಗುವುದು ಹೊಟ್ಟೆಗೇ ತಾನೇ?

ನಾನು ಸುಳ್ಳು ಹೇಳುವವನಲ್ಲ. ಒಂಬತ್ತನೇ ತರಗತಿಯಲ್ಲಿ ತಪಾಸಣೆಗೆ ಬಂದ ಸಾಹೇಬರಿಗೆ, ಪ್ರಯೋಗಾಲಯದ ಕಪಾಟಿನ ಕೀಲಿ ಮೂರು ವರ್ಷದಿಂದ ತೆಗೆದಿಲ್ಲ ಎಂದು ಹೇಳಿ ಮರುದಿನ ಶಾಲೆ ಬಿಟ್ಟವನು. ಮಾಸ್ತರರು ಬಿಡಿಸಿದರೆಂದು ಮನೆಯಲ್ಲಿ ಹೇಳಿದೆ. ನೋಡಿ, ಅದೂ ಸುಳ್ಳೇ. ಬೆಂಚಿನ ಮೇಲೆ ಕೂರಲು ನನಗೇ ಆಗುತ್ತಿರಲಿಲ್ಲ. ಗ್ಯಾರೇಜು, ಖಾನಾವಳಿ, ಮೊಬೈಲ್ ಅಂಗಡಿ, ಎಲ್ಲಿಯೂ ಆರು ತಿಂಗಳು ನಿಲ್ಲಲಿಲ್ಲ. ಈ ವಹಿ ಮಾತ್ರ ಏಳು ತಿಂಗಳು ಹಿಡಿದೆ. ನನ್ನ ಅಕ್ಷರವಿದ್ದೂ ಕೆಂಪು ಗೆರೆ ಬೀಳದ ಪುಟವನ್ನು ಅದುವರೆಗೆ ನಾನು ಕಂಡಿರಲಿಲ್ಲ. ಕೆಡಿಸಲು ಮನಸ್ಸಾಗಲಿಲ್ಲ.

ಐದನೇ ತಿಂಗಳಲ್ಲಿ ಆಯಿಯ ಸಕ್ಕರೆ ನಾಲ್ಕುನೂರು ದಾಟಿತು. ಎಂಟು ದಿನ ಆಸ್ಪತ್ರೆ, ಮತ್ತೆ ಸೂಜಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ವಾರ ಆಯಿಯನ್ನು ನೋಡಲು ಆಸ್ಪತ್ರೆಯ ಡಾಕ್ಟರ್ ಹುಮಾ ಬಂದಿದ್ದರು. ಕುಟ್ಟಿದರೆ ಏನಾಗುತ್ತದೆ ಎಂದು ಕೇಳಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ಔಷಧ ಇಟ್ಟು, ಹೊಟ್ಟೆಯ ಹುಳಿಯನ್ನು ದಾಟಲೆಂದು ಗುಳಿಗೆಗೆ ಮೇಲೊಂದು ಪದರು ಕೊಟ್ಟಿದ್ದಾರಂತೆ. ಕರುಳಿಗೆ ಹೋದ ಮೇಲೆ ಬಿಚ್ಚಬೇಕಂತೆ. ಕಡುಬು ಹರಿದರೆ ಹೂರಣವೆಲ್ಲ ಕುದಿಯುವ ನೀರಿಗೆ ಹೋಗುವುದಿಲ್ಲವೇ, ಹಾಗೆ, ಎಂದರು. ಓಡಿ ಹೋಗಿ ಆಯಿಗೆ ಹೇಳಿದೆ.

“ಇದನ್ನ ಮದಲ ಹೇಳಾಕ ಬಾಯಿಗೆ ಏನಾಗಿತ್ತೋ ಮೂಳಾ? ಬಾಳಿಹಣ್ಣಿನಾಗ ಇಟ್ಟು ನುಂಗತಿದ್ನೆಲ್ಲ!”

ನನಗಾದರೂ ಯಾರು ಹೇಳಿದರು? ತರಬೇತಿಯಲ್ಲಿ ಪರದೆಯ ಮೇಲೆ ಇಂಗ್ಲಿಷ್ ಬರಹದ ನಲವತ್ತು ಚಿತ್ರ ತೋರಿಸಿದಿರಿ. ಉಪ್ಪಿಟ್ಟು ಕೊಟ್ಟಿರಿ. ಕುಟ್ಟಿದರೆ ಔಷಧ ಕೆಡುತ್ತದೆ ಎಂಬ ಒಂದು ಕನ್ನಡದ ಮಾತು ಹೇಳಲು ಯಾರಿಗೂ ಪುರಸೊತ್ತಿರಲಿಲ್ಲವೇ? ಆದರೂ ಟಿಕ್ ಹಾಕಿದ ಕೈ ನನ್ನದೇ.

ಸೋಮವಾರ ಚನ್ನಬಸಯ್ಯನವರಿಗೆ ಎಲ್ಲ ಹೇಳಿದೆ. “ವರದಿ ಟೈಪ್ ಆಗೇತಪಾ. ಶಾಲು ಹೊದ್ಕೊ, ಎರಡು ಮಾತಾಡು, ಇಳಿ,” ಎಂದರು. ಮಾತು ಎರಡಕ್ಕೆ ನಿಲ್ಲಲಿಲ್ಲ, ಕ್ಷಮಿಸಿ ಸರ್.

ಆ ವರದಿ ಹಾಗೇ ಹೋದರೆ ಗುಳಿಗೆ ನಮ್ಮ ಓಣಿಗೆ ಮತ್ತೆ ಬರುವುದಿಲ್ಲ. ಆಯಿಯ ಹೊಟ್ಟೆಯ ಮೇಲೆ ಸೂಜಿ ಚುಚ್ಚಲು ಗಂಟಿಲ್ಲದ ಜಾಗ ಉಳಿದಿಲ್ಲ. ಹನ್ನೊಂದು ಮಂದಿಯ ಪುಟಗಳನ್ನೂ ಮತ್ತೆ ಬರೆದಿದ್ದೇನೆ: ಎಂದಿನಿಂದ ಕುಟ್ಟಿದ್ದು, ಕುಟ್ಟಿದವನು ಯಾರು. ಕೆಳಗೆ ಅವರ ಹೆಬ್ಬೆಟ್ಟು, ನನ್ನ ಸಹಿ. ಇನ್ನು ನನ್ನನ್ನು ಯಾರೂ ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ, ಗೊತ್ತಿದೆ.

ಬೈಯದೆ ಕೇಳಿದಿರಿ, ಅದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ. ಪರೀಕ್ಷೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿದೆ. ನಾಳೆ ಮುಂಜಾನೆ ಆರರ ಬಸ್ಸಿಗೆ ಈ ಪುಟಗಳನ್ನು ಹಿಡಿದು ಅಲ್ಲಿಗೆ ಹೋಗುತ್ತೇನೆ.