ಬೇಚರಾಕ್

...ಏಳಬ್ಯಾಡ್ರಿ, ಇಲ್ಲೇ ಕುಂದರ್ರಿ. ಉಚ್ಚಂಗಿದುರ್ಗದ ಕಡಿಂದ ಬಿಸಿಲಾಗ ನಡಕೊಂತ ಬಂದೀರಿ, ಇನ್ನೊಂದು ಚಾ ಕುಡೀರಿ. ನಾನೊಬ್ಬನ ಗುಡ್ಡಕ್ಕ ಹೋಗಿ ಬರತೀನಿ.

ನೀವೂ ಬರತೀರಾ? ಬ್ಯಾಡ್ರಿ, ಮುಳ್ಳು ಭಾಳ. ನಿಮ್ಮ ಈ ನಕಾಶಿಯಾಗ ಗುಡ್ಡ ಬೆರಳಗಲ ಐತಿ, ಏರಾಕ ಹೋದ್ರ ಉಸಿರು ನಿಂತುಹೋಗತೈತಿ. ಈ ಕಂದು ಗೆರಿ ಒತ್ತೊತ್ತಿಗೆ ಕೂಡಿದಲ್ಲೇ ಏರು ಅಂತ ನೀವ ಹೇಳಿದ್ರಿ. ಗುಡ್ಡ ಹೆಬ್ಬೆಟ್ಟು ಒತ್ತಿದಂಗ ಕಾಣತೈತಿ ನೋಡ್ರಿ.

ಅದರ ನಡುವ ಕರಿ ಚುಕ್ಕಿ ಐತಲ್ಲ, ಅದ ನಮ್ಮ ಕರಿಯಕ್ಕನಹಟ್ಟಿ. ಕುರಿಯೋರ ಊರು. ತೊಂಬತ್ತೆರಡರಾಗ ಕೆಳಗ ತೆಲಿಗಿ ಬಸ್ಸು ಬಂತು, ಮಂದಿ ಒಬ್ಬೊಬ್ರ ಇಳದು ಬಂದ್ರು. ನಾನೂ ಇಳದು ಈ ಚಾದಂಗಡಿ ಹಾಕಿದೆ. ಅಷ್ಟಕ್ಕ 'ಬೇಚರಾಕ್' ಅಂತ ಬರದು ನಮ್ಮೂರ ಹೆಸರು ಅಳಸೋದೇನ್ರಿ, ಸರ್ವೇ ಸಾಹೇಬ್ರ? ಚರಾಕ್ ಅಂದ್ರ ದೀಪ. ದೀಪ ಇಲ್ಲದ ಊರು ಬೇಚರಾಕ್. ನಮ್ಮೂರಾಗ ದೀಪ ಐತಿ. ನನ್ನ ಹೇಣ್ತಿ ಮರುಳಸಿದ್ದಮ್ಮ ಅಲ್ಲೇ ಅದಾಳ. ಹೊತ್ತು ಮುಳುಗಿದ ಕೂಡ್ಲೆ ಹಚ್ಚತಾಳ.

ಯಾಕ ನಗತೀರಿ? ಗಂಡ ಕೆಳಗ, ಹೇಣ್ತಿ ಮ್ಯಾಲ ಅಂತೇನು? ಇಲ್ಲಿ ಮಂದೀನೂ ಹಂಗ ಆಡಿಕೊಂತಾರ, 'ಯರ್ರೆಪ್ಪನ ಸಂಸಾರಕ್ಕ ಏಣಿ ಹಾಕಬೇಕು' ಅಂತ. ಏನು ಮಾಡ್ಲಿ, ಆಕಿ ಇಳಿಯಾಕ ಒಲ್ಲೆ ಅಂದ್ಲು. ಹಟಮಾರಿ...

ಏನಂದ್ರಿ? ಇಲ್ಲೇ ಕುಂತು ದೀಪ ನೋಡತೀರಾ? ಕಂಡ್ರ ಹೆಸರು ಉಳಸತೀರಾ? ಒಳ್ಳೇದಾತು. ಹಂಗಾರ ನೀವು ನೋಡ್ಕೊಂತ ಕುಂದರ್ರಿ, ನಾನು... ಇಲ್ಲ, ನಾ ಹೋಗಲೇಬೇಕ್ರಿ. ಎಣ್ಣಿ ಒಯ್ಯಬೇಕು. ಕೈ ಬಿಡ್ರಿ... ಆತು. ಕುಂತೆ. ಜೋಡೀಲೇ ನೋಡೋಣಂತ.

ಹೊತ್ತು ಮುಳುಗ್ತು. ಈಗ ಹಚ್ಚತಾಳ.

ಕುರಿ ರೊಪ್ಪಕ್ಕ ಕೂಡಬೇಕಲ್ರಿ, ತಡ ಆಗತೈತಿ... ಬತ್ತಿ ಹೊಸೀತಿರಬೇಕು... ಗಾಳಿ ಐತೇನೋ ಮ್ಯಾಲ...

ಗುಡ್ಡ ನೋಡೋದು ಬಿಟ್ಟು ನನ್ನ ಕೈಯಾಗಿನ ಎಣ್ಣಿ ಬಾಟ್ಲಿ ಯಾಕ ನೋಡಾಕತ್ತೀರಿ?

ಏನಾರ ಅನ್ರಿ. ಬೇಕಾದ್ರ ಬೈರಿ.

...ದಿನಾ ನಾನ ಹಚ್ಚತೀನ್ರಿ, ಮ್ಯಾಲ ನಮ್ಮ ಮನಿ ಅಂಗಳದಾಗ. ಆಕಿಗೆ ಮಣ್ಣು ಕೊಟ್ಟಲ್ಲೇ. ನೀವು ಬರಕೊಳ್ಳೋದು ಬರಕೊಳ್ರಿ, ನಾ ಇನ್ನ ಬ್ಯಾಡ ಅನ್ನಂಗಿಲ್ಲ. ಈಗ ನನ್ನ ಬಿಡ್ರಿ. ಆಕಿ ಕತ್ತಲಿಗೆ ಅಂಜತಾಳ.